ಹಪ್ಪಳದ ಕಪಾಟಿನ ಫಿಲ್ಟರು

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಅವರನ್ನು ಕೇಳದೆ ಅವರ ಬಗ್ಗೆ ಬರೆದಿದ್ದೆ, ಅದರಿಂದ ಒಳ್ಳೆಯದಾಗಲಿಲ್ಲ. ಈಗ ಕೇಳೋಣವೆಂದರೆ ಅವರೇ ಇಲ್ಲ. ಹೋದ ತಿಂಗಳು ತೀರ್ಥಹಳ್ಳಿಯಿಂದ ಅವರ ತಮ್ಮ ಫೋನ್ ಮಾಡಿ, "ಅಕ್ಕ ಹೋದ್ರು. ನಿಮಗೆ ತಿಳಿಸ್ಬೇಕು ಅಂತ ಬರೆದಿಟ್ಟಿದ್ರು" ಎಂದರು. ಬರೆದಿಟ್ಟದ್ದೆಂದರೆ ಪತ್ರವೇನಲ್ಲ, ಫೋನ್ ನಂಬರುಗಳ ಒಂದು ಪಟ್ಟಿ. ಅದರಲ್ಲಿ ನನ್ನದು ಮೂರನೆಯದಂತೆ. ಮೊದಲಿನ ಎರಡು ಯಾರದೆಂದು ಕೇಳಲು ಬಾಯಿಯವರೆಗೆ ಬಂದದ್ದನ್ನು ನುಂಗಿಕೊಂಡೆ. ಅವತ್ತಿನಿಂದ ಹಿಡಿದ ಕೆಲಸ ಯಾವುದೂ ಮುಗಿಯುತ್ತಿಲ್ಲ. ಬೇಳೆ ಆರಿಸಲು ಕೂತವಳು ನಡುವೆಯೇ ಎದ್ದು ಹೋಗಿ ಮಹಡಿಯ ಬೀಗ ಎಳೆದು ನೋಡಿ ಬರುತ್ತೇನೆ. ಅದು ಹಾಕಿಯೇ ಇರುತ್ತದೆ.

ಸಾಗರದ ನಮ್ಮ ಮನೆಯ ಮಹಡಿಯಲ್ಲಿ ಅವರು ಎಂಟು ವರ್ಷ ಬಾಡಿಗೆಗಿದ್ದರು. ಒಂಟಿ ಹೆಂಗಸು. ಹುಟ್ಟಿದ್ದು ತೀರ್ಥಹಳ್ಳಿ ಹತ್ತಿರದ ಅರಳಸುರಳಿಯಲ್ಲಿ. ನನಗಿಂತ ಎರಡು ವರ್ಷಕ್ಕೆ ದೊಡ್ಡವರಾದರೂ ನನ್ನನ್ನು ಅಕ್ಕ ಎನ್ನುತ್ತಿದ್ದರು. "ಬೀಗದ ಕೈ ಯಾರ ಸೊಂಟದಲ್ಲಿರತ್ತೋ ಅವರೇ ಅಕ್ಕ" ಎಂಬುದು ಅವರ ಲೆಕ್ಕ. ನಾನು ಅವರನ್ನು ಮೇಡಂ ಎನ್ನುತ್ತಿದ್ದೆ. ಊರಿನವರು ಕೇಬಲ್ ಮೇಡಂ ಎನ್ನುತ್ತಿದ್ದರು. ಅದು ಅವರಿಗೆ ಆಗುತ್ತಿರಲಿಲ್ಲ. "ಕೇಬಲ್ ಅಂದ್ರೆ ಬರೀ ಕೊಳವೆ ಅಕ್ಕ. ನನ್ನ ಕೆಲಸ ಅದರೊಳಗಿನ ಬೆಳಕಿನದ್ದು."

ಒಂದು ಖಾಸಗಿ ಕಂಪನಿ ಸಾಗರದಿಂದ ಹೊಸನಗರಕ್ಕೆ, ಅಲ್ಲಿಂದ ತೀರ್ಥಹಳ್ಳಿಗೆ ನೆಲದಡಿ ಫೈಬರ್ ಎಳೆದಿತ್ತು. ಬ್ಯಾಂಕುಗಳು, ಮೊಬೈಲ್ ಟವರುಗಳು, ಆಸ್ಪತ್ರೆಗಳು ಎಲ್ಲವೂ ಆ ದಾರಿಯನ್ನೇ ನಂಬಿಕೊಂಡಿದ್ದವು. ಮೂರೂ ತಾಲೂಕಿನ ಆ ದಾರಿ ಅವರೊಬ್ಬರ ಕೈಯಲ್ಲಿತ್ತು. ಅವರು ಅದನ್ನು ರೂಟು ಎನ್ನುತ್ತಿರಲಿಲ್ಲ, 'ನನ್ನ ದಾರಿ' ಎನ್ನುತ್ತಿದ್ದರು. ರಸ್ತೆ ಬದಿಯ ಯಾವ ಗುಂಡಿಯಲ್ಲಿ ಯಾವ ಜಾಯಿಂಟಿದೆ, ಅದರ ಪಕ್ಕ ಹೊನ್ನೆ ಮರವೋ ಮತ್ತಿ ಮರವೋ ಎಂದು ಅಡಿಗೆ ಮನೆಯ ಕಟ್ಟೆಗೆ ಒರಗಿಕೊಂಡು ಹೇಳುವರು. ಕೂತದ್ದನ್ನು ನಾನು ಕಂಡದ್ದೇ ಕಡಿಮೆ. ಕಾಫಿ ಲೋಟ ಕೈಯಲ್ಲಿದ್ದರೂ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಲೇ ಇರುತ್ತಿತ್ತು, ಕಾಣದ ಧೂಳನ್ನು ಒರೆಸುವ ಹಾಗೆ. ತಲೆಗೆ ಹೂ ಮುಡಿಯುತ್ತಿರಲಿಲ್ಲ, ಮುಖಕ್ಕೆ ಪೌಡರ್ ಇಲ್ಲ, ಕೈಗೆ ಎಣ್ಣೆ ಇಲ್ಲ. ಗಾಜಿನ ಎಳೆಯ ತುದಿಗೆ ಹೂವಿನ ಒಂದು ಕಣ ತಾಗಿದರೆ ಒಂದು ಊರೇ ಮಂಕಾಗುತ್ತದಂತೆ.

ಆ ಕಂಪನಿಯ ಶಿವಮೊಗ್ಗದ ಸಾಹೇಬರು ಅವರಿಗೆ ಒಂದು ಮಾತು ಹೇಳಿಟ್ಟಿದ್ದರು. ಇನ್ನೊಮ್ಮೆ ಲೈನು ಅರ್ಧ ದಿನ ಬಿದ್ದರೆ ಆ ದಾರಿಯನ್ನು ಶಿವಮೊಗ್ಗದ ತಂಡವೇ ನೋಡಿಕೊಳ್ಳುತ್ತದೆ, ನೀವು ಮನೆ ಕನೆಕ್ಷನ್ನಿನ ಕೆಲಸಕ್ಕೆ ಹೋಗಬೇಕು ಎಂದು. ಅದನ್ನು ನನಗೆ ಹೇಳಿದ ದಿನ ಅವರು ಕಾಫಿ ಕುಡಿಯಲಿಲ್ಲ. ಆಮೇಲಂತೂ ಐದು ನಿಮಿಷಕ್ಕೊಮ್ಮೆ ಫೋನ್ ತೆಗೆದು ಬೆಳಕಿನ ಅಳತೆ ನೋಡುವುದು ಹೆಚ್ಚಾಯಿತು. ನಮ್ಮವರು ಹೈಸ್ಕೂಲ್ ಮೇಷ್ಟ್ರು, ಗೇಟು ದಾಟುವಾಗ ಕೆಣಕುತ್ತಿದ್ದರು.

"ಎಂತದು ಮೇಡಂ, ಇವತ್ತು ಎಷ್ಟು?"

"ಮೈನಸ್ ಹದಿನೆಂಟು ಸಾರ್. ಅಡ್ಡಿಲ್ಲ."

"ನಮ್ಮ ಹುಡುಗರ ಲೆಕ್ಕದ ಮಾರ್ಕಿಗಿಂತ ಒಂದು ಚೂರು ಕಡಿಮೆ."

ಮೈನಸ್ ಇಪ್ಪತ್ತೆಂಟು ಎಂದರೆ ಬೆಳಕು ತೀರ ಮಂಕು, ಆ ದಿನ ಯಾರೂ ಮಾತಾಡಿಸಬಾರದು.

ಅವರ ಕೆಲಸದ ಗುಟ್ಟು ನನಗೆ ತಿಳಿದದ್ದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ನೊರೆಯ ಗುಳ್ಳೆಯ ಮೇಲೆ ನೇರಳೆ, ಹಸಿರು ಓಡಾಡುತ್ತಿತ್ತು. ಮೆಟ್ಟಿಲಿಳಿದು ಬಂದವರು ಬಗ್ಗಿ ನೋಡಿ, "ಇದು ಸೋಪಿನ ಬಣ್ಣ ಅಲ್ಲ ಅಕ್ಕ. ಪೊರೆ ಎಷ್ಟು ತೆಳು ಇದ್ಯೋ ನೋಡ್ಕೊಂಡು ಒಂದೊಂದು ಬಣ್ಣ ವಾಪಸ್ ಬರತ್ತೆ. ನನ್ನ ಫಿಲ್ಟರೂ ಇಷ್ಟೆ. ಗಾಜಿನ ಚೂರಿನ ಮೇಲೆ ಪೊರೆ, ಅದರ ಮೇಲೆ ಇನ್ನೊಂದು ಪೊರೆ" ಎಂದರು. ಒಂದೇ ಎಳೆಯಲ್ಲಿ ಬ್ಯಾಂಕಿನದೊಂದು ಬಣ್ಣ, ಟವರಿನದೊಂದು ಬಣ್ಣ, ಆಸ್ಪತ್ರೆಯದೊಂದು ಬಣ್ಣ ಸೇರಿ ಹೋಗುತ್ತವಂತೆ. ಆ ಕಡೆ ತಲುಪಿದ ಮೇಲೆ ಫಿಲ್ಟರು ಅವನ್ನು ಬೇರೆ ಮಾಡುತ್ತದೆ.

"ಜರಡಿ ಹಾಗೆ" ಎಂದೆ.

"ಜರಡಿ ಅಲ್ಲ. ಜರಡಿ ಹಿಡಿದಿದ್ದನ್ನ ನೀವು ಚೆಲ್ತೀರಿ. ಇಲ್ಲಿ ಚೆಲ್ಲೋದು ಇಲ್ಲ." ಸ್ವಲ್ಪ ಯೋಚಿಸಿ, "ನಮ್ಮ ಬಸ್ ಸ್ಟ್ಯಾಂಡ್ ನೋಡಿ. ಗುಂಪು ಒಂದೇ. ಹೊಸನಗರದ ಬಸ್ ಬಾಗಿಲಿಗೆ ಹೊಸನಗರದವರು ಮಾತ್ರ ಹತ್ತುತ್ತಾರೆ, ಬಾಕಿಯವರು ಮುಂದಿನ ಬಸ್ಸಿಗೆ ಹೋಗ್ತಾರೆ. ಅಲ್ಲಿ ಅವರವರದ್ದು. ಯಾರೂ ಕಳೆದು ಹೋಗಲ್ಲ" ಎಂದರು.

"ಆ ಬಣ್ಣಗಳನ್ನ ನೀವು ನೋಡಿದ್ದೀರಾ?"

"ಕಣ್ಣಿಗೆ ಕಾಣೋ ಬಣ್ಣ ಅಲ್ಲ ಅವು. ನೋಡ್ತೀನಿ ಅಂತ ಹೋದ್ರೆ ಕಣ್ಣೇ ಹೋಗತ್ತೆ."

"ಮತ್ತೆ ಇದೆ ಅಂತ ಹೆಂಗೆ ನಂಬೋದು ಮೇಡಂ?"

"ನಿಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಹೇಳಿದ್ದನ್ನೆಲ್ಲ ಕಣ್ಣಲ್ಲಿ ನೋಡೇ ನಂಬಿದ್ರಾ?" ಎಂದು ನಗದೆ ಕೇಳಿ ಮೇಲೆ ಹೋದರು.

ಕಾನ್ವೆಂಟಿನ ಮಾತು ಬಂತು. ಅವರು ಕಂಪನಿಗೆ ಕಳಿಸುವ ವರದಿಗಳೆಲ್ಲ ಇಂಗ್ಲಿಷಿನಲ್ಲಿರಬೇಕಿತ್ತು. ಬರೆದದ್ದನ್ನು ಮೊದಲು ನನಗೆ ತಂದು ತೋರಿಸುವರು. ನಾನು ಒಗ್ಗರಣೆ ಹಾಕುತ್ತಾ ಅಲ್ಲೊಂದು ಇಲ್ಲೊಂದು ತಿದ್ದುತ್ತಿದ್ದೆ. ಮನೆಯೊಳಗೇ ಇರುವ ನನಗೆ ಅದರಿಂದ ಮೂರು ತಾಲೂಕಿನ ಸುದ್ದಿ ಗೊತ್ತಾಗುತ್ತಿತ್ತು. ಎಲ್ಲಿ ಹಂದಿ ನೆಲ ಕೆದಕಿತು, ಎಲ್ಲಿ ಧರೆ ಕುಸಿಯಿತು ಎಂದು. ಒಂದು ಕೆಲಸದಲ್ಲಿ ನಾನೂ ಇದ್ದೇನೆ ಅನಿಸುತ್ತಿತ್ತು.

ಒಂದು ಮಳೆಗಾಲದ ಶುರುವಿನಲ್ಲಿ ಅವರು ಬಿಳಿ ಬಟ್ಟೆ ಸುತ್ತಿದ ಚಪ್ಪಟೆ ಪೆಟ್ಟಿಗೆಯೊಂದನ್ನು ಹಿಡಿದು ಬಂದರು.

"ಅಕ್ಕ, ಹಪ್ಪಳದ ಕಪಾಟಲ್ಲಿ ಜಾಗ ಇದ್ಯಾ?"

ನಮ್ಮ ಕಡೆ ಮಳೆಗಾಲದಲ್ಲಿ ಪುಸ್ತಕಕ್ಕೂ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಹಪ್ಪಳ ಸಂಡಿಗೆಯ ಕಪಾಟಿನೊಳಗೆ ಒಂದು ಸಣ್ಣ ಬಲ್ಬು ಹಗಲೂ ರಾತ್ರಿ ಉರಿಯುವಂತೆ ಬಿಟ್ಟಿರುತ್ತೇನೆ. ಅವರ ಆಫೀಸಿನ ಸ್ಟೋರ್ ರೂಮಿನ ಗೋಡೆ ಜಿನುಗುತ್ತಿತ್ತಂತೆ. ಪೆಟ್ಟಿಗೆಯಲ್ಲಿದ್ದದ್ದು ಫಿಲ್ಟರುಗಳ ಒಂದು ಜೋಡಿ. ದಾರಿಯ ಎಳೆಗಳೆಲ್ಲ ತುಂಡಾಗಿ ಒಂದೇ ಉಳಿದರೆ, ಸಾಗರದಲ್ಲೊಂದು ಹೊಸನಗರದಲ್ಲೊಂದು ಹಾಕಿ ಎಲ್ಲ ಬಣ್ಣಗಳನ್ನೂ ಆ ಒಂದು ಎಳೆಯಲ್ಲೇ ಓಡಿಸಬಹುದು. ಆಪತ್ತಿಗೆ ಇಟ್ಟ ಮದ್ದು. "ಸ್ಟೋರಲ್ಲೇ ಇಡ್ಬೇಕು ಅಂತ ರೂಲು. ಅಲ್ಲಿಟ್ರೆ ಅಣಬೆ ಏಳತ್ತೆ" ಎಂದು ಹಲಸಿನ ಹಪ್ಪಳದ ಡಬ್ಬಿಯ ಪಕ್ಕ ಅದನ್ನು ಮಲಗಿಸಿದರು.

ಎರಡು ಮಳೆಗಾಲ ಅದು ಅಲ್ಲಿತ್ತು. ಎರಡನೆಯದು ಮುಗಿದ ಮೇಲೆ ಕಪಾಟು ತೊಳೆಯಲೆಂದು ಎಲ್ಲ ಹೊರಗೆ ತೆಗೆದೆ. ಬಟ್ಟೆಯ ಗಂಟು ಸಡಿಲಾಗಿತ್ತು. ಬಿಚ್ಚಿ ನೋಡಿದರೆ ಹಳದಿ ದಾರದಂಥ ಎಳೆಗಳು, ಅವುಗಳ ತುದಿಗೆ ಪುಟ್ಟ ಟೊಪ್ಪಿಗಳು, ಟೊಪ್ಪಿಗಳ ಮೇಲೆ ಮಸಿಯಂಥ ಧೂಳು. ನಮ್ಮ ಶಾಲೆಯಲ್ಲಿ ಸಿಸ್ಟರ್ ಒಬ್ಬರು ಡೆಸ್ಕಿನ ಮೇಲಲ್ಲ, ಅದರ ಅಡಿಯಲ್ಲಿ ಬೆರಳಾಡಿಸಿ ಧೂಳು ನೋಡುತ್ತಿದ್ದರು. ಆ ಅಭ್ಯಾಸ ಹೋಗುವುದಿಲ್ಲ. ಟೊಪ್ಪಿಗಳನ್ನು ಒಂದೊಂದಾಗಿ ತೆಗೆದು ಸೋಪಿನ ನೀರಿನಲ್ಲಿ ತೊಳೆದು ಬಿಸಿಲಿಗೆ ಹರಡಿದೆ. ಒಳಗಿನ ಬಿಳಿ ತುದಿಗಳು ಮುದ್ದಾಗಿದ್ದವು, ಹಾಲುಹಲ್ಲಿನಂತೆ. ಬಾಯಿಯಿಂದ ಹಬೆ ಊದಿ ಸೆರಗಿನ ತುದಿಯಿಂದ ಒಂದೊಂದನ್ನೂ ಒರೆಸಿದೆ. ಟೊಪ್ಪಿ ಹಾಕಿ, ಬಟ್ಟೆ ಒಗೆದು ಸುತ್ತಿ, ಇದ್ದಲ್ಲೇ ಇಟ್ಟೆ. ಒಳ್ಳೆಯ ಕೆಲಸ ಮಾಡಿದ ಸಮಾಧಾನ. ಹೇಳುವಂಥ ವಿಷಯವೆಂದು ಅನಿಸಲೇ ಇಲ್ಲ.

ಮುಂದಿನ ಬೇಸಿಗೆಯಲ್ಲಿ ರಸ್ತೆ ಅಗಲ ಮಾಡುವ ಜೆಸಿಬಿ ಹೊಸನಗರದ ದಾರಿಯಲ್ಲಿ ಕೇಬಲನ್ನು ಬೇರು ಕಿತ್ತ ಹಾಗೆ ಎಳೆದು ಹಾಕಿತು. ಬೆಳಿಗ್ಗೆ ಎಂಟೂವರೆ. ಮೇಡಂ ಮೆಟ್ಟಿಲನ್ನು ಎರಡೆರಡಾಗಿ ಇಳಿದು ಬಂದು, "ಪೆಟ್ಟಿಗೆ" ಎಂದರು ಅಷ್ಟೆ. ಒಂದೇ ಒಂದು ಎಳೆ ಉಳಿದಿತ್ತಂತೆ. ಕೊಟ್ಟೆ. ಜೀಪು ಹೋಯಿತು.

ಹನ್ನೆರಡೂವರೆಗೆ ಮತ್ತೆ ಗೇಟಿನಲ್ಲಿ ಜೀಪು ನಿಂತಿತು. ಮೇಡಂ ಕಣ್ಣು ಕೆಂಪಾಗಿತ್ತು. ಚೊಂಬಿನ ನೀರು ಎತ್ತಿ ಕುಡಿಯುತ್ತಾ ಹೇಳಿದರು: "ಎರಡೂ ಕಡೆ ಹಾಕಿದೆ ಅಕ್ಕ. ನಾಲ್ಕು ಬಣ್ಣದಲ್ಲಿ ಒಂದು ಎದ್ದೇ ಇಲ್ಲ. ಎರಡು ಏಳೋದು ಬೀಳೋದು ಮಾಡ್ತಿವೆ. ಎಲ್ಲೋ ಜಾಯಿಂಟ್ ಕೈ ಕೊಟ್ಟಿದೆ. ದಾರಿ ಪೂರ್ತಿ ಬಿಚ್ಚಿ ನೋಡ್ಕೊಂಡು ಹೊಸನಗರಕ್ಕೆ ಹೋಗ್ತೀನಿ."

"ಆ ಪೆಟ್ಟಿಗೆಯೇ ಸರಿ ಇಲ್ಲವೇನೋ?"

"ಅದು ನಿಮ್ಮ ಕಪಾಟಲ್ಲಿತ್ತು. ಅದಕ್ಕೆಂತ ಆಗತ್ತೆ?" ಎಂದು ಚೊಂಬು ಕಟ್ಟೆಯ ಮೇಲಿಟ್ಟು ಹೋದರು.

ಒಲೆ ಒರೆಸುತ್ತಿದ್ದೆ. ಒರೆಸುತ್ತಿದ್ದದ್ದು ಸೆರಗಿನಲ್ಲಿ. ಅದು ಕಣ್ಣಿಗೆ ಬಿದ್ದಾಗ ನೆನಪಾಯಿತು. ಅವತ್ತು ತುದಿಗಳನ್ನು ಒರೆಸುವ ಮೊದಲು ನಾನು ಹಪ್ಪಳದ ಡಬ್ಬಿಗಳನ್ನು ಎತ್ತಿಟ್ಟಿದ್ದೆ. ಎಣ್ಣೆ ಸವರಿ ಒತ್ತಿದ ಹಪ್ಪಳ. ಅದೇ ಕೈ, ಅದೇ ಸೆರಗು. ಫೋನ್ ಮಾಡಿದೆ. ಹೋಗಲಿಲ್ಲ. ಹೊಸನಗರದ ಕಡೆಯ ಟವರುಗಳೆಲ್ಲ ಅವರದೇ ದಾರಿಯಲ್ಲಿ ಬರುವುದಲ್ಲವೇ, ಅವೂ ಸತ್ತು ಬಿದ್ದಿದ್ದವು. ಇನ್ನೊಮ್ಮೆ, ಮತ್ತೊಮ್ಮೆ. ಅರ್ಧ ದಿನ ಎಂದಿದ್ದರು ಸಾಹೇಬರು. ಗಡಿಯಾರ ನೋಡಿದರೆ ಒಂದೂವರೆ.

ಸೀರೆ ಬದಲಿಸಿ ಬಸ್ ಸ್ಟ್ಯಾಂಡಿಗೆ ಹೋದೆ. ಹೊಸನಗರಕ್ಕೆ ಒಬ್ಬಳೇ ಹೋದದ್ದು ಅದೇ ಮೊದಲು. ಬಸ್ಸು ಪ್ರತಿ ಕ್ರಾಸಿನಲ್ಲೂ ನಿಂತಿತು. ಒಬ್ಬರು ಕೋಳಿ ಬುಟ್ಟಿ ಹತ್ತಿಸಿದರು, ಇನ್ನೊಬ್ಬರು ಕಂಡಕ್ಟರನ ಮಗಳ ಮದುವೆಯ ವಿಚಾರ ಕೇಳಿದರು. ರಸ್ತೆ ಬದಿಯಲ್ಲಿ ಅಲ್ಲಲ್ಲಿ ಮುಚ್ಚಳ ತೆಗೆದ ಗುಂಡಿಗಳು ಕಂಡವು. ಹೊಸ ಮಣ್ಣು, ಹೊಸ ಹೆಜ್ಜೆ. ಒಂದೊಂದು ಗುಂಡಿ ಕಂಡಾಗಲೂ ಇಳಿದುಬಿಡಲೇ ಅನಿಸುತ್ತಿತ್ತು. ಅವರು ಅದರೊಳಗೆ ಬಗ್ಗಿ ಇಲ್ಲದ ತಪ್ಪನ್ನು ಹುಡುಕಿ, ಮುಚ್ಚಿ, ಮುಂದೆ ಹೋಗಿದ್ದರು.

ಹೊಸನಗರದ ಅವರ ಆಫೀಸೆಂದರೆ ಒಂದು ಕೋಣೆ, ಒಂದು ಕಪ್ಪು ಬೀರು, ತುಂಬ ಫ್ಯಾನುಗಳ ಸದ್ದು. ನಾನು ಬಾಗಿಲಲ್ಲಿ ನಿಂತದ್ದನ್ನು ನೋಡಿ ಅವರು, "ಸಾರ್‌ಗೆ ಎಂತ ಆಯ್ತು?" ಎಂದು ಕೇಳಿದರು. ನಮ್ಮವರಿಗೆ ಏನೋ ಆಗಿದೆಯೆಂದೇ ಎಣಿಸಿದ್ದರು.

"ಅವರಿಗೇನಿಲ್ಲ. ಮೇಡಂ, ಆ ತುದಿಗಳನ್ನ ನಾನು ಒರೆಸಿದ್ದೆ. ಸೆರಗಲ್ಲಿ."

ಅವರು ನನ್ನನ್ನೇ ನೋಡಿದರು. "ಯಾವ ಸೀರೆ?"

"ಮನೆಯಲ್ಲಿ ಉಡೋದು. ಹತ್ತಿದು."

"ಕೈಯಲ್ಲಿ ಹಪ್ಪಳ ಇತ್ತಾ?"

"ಇತ್ತು. ಹಲಸಿನದು."

ಅವರು ಬೀರುವಿನಿಂದ ಒಂದು ತುದಿ ಕಳಚಿ, ಪೆನ್ನಿನಂಥ ಸಾಧನಕ್ಕೆ ಸಿಕ್ಕಿಸಿ, ಸಣ್ಣ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಹುಣ್ಣಿಮೆ ಚಂದ್ರನಂಥ ದುಂಡು, ಅದರ ನಡುವೆ ಬಳಿದ ಹಾಗೆ ಎಣ್ಣೆಯ ಪಸೆ. ನನ್ನ ಬೆರಳ ಗುರುತೂ ಕಂಡ ಹಾಗಾಯಿತು. ಇದ್ದಿರಲಿಕ್ಕಿಲ್ಲ. ಸ್ಪಿರಿಟ್ಟಿನಲ್ಲಿ ಅದ್ದಿದ ಬಿಳಿ ಕಾಗದದ ಮೇಲೆ ತುದಿಯನ್ನು ಒಂದೇ ದಿಕ್ಕಿಗೆ ಎಳೆದರು, ಮತ್ತೆ ನೋಡಿದರು, ಮತ್ತೆ ಎಳೆದರು. ನಾಲ್ಕೂ ತುದಿ ಮುಗಿಸಿ ಸಾಗರಕ್ಕೆ ಜೀಪು ಓಡಿಸಿದರು. ಪಕ್ಕದಲ್ಲಿ ನಾನು. ಅರ್ಧ ದಾರಿಯಲ್ಲಿ, "ಹಲಸಿನದಕ್ಕೆ ಎಣ್ಣೆ ಜಾಸ್ತಿ ಹಾಕ್ತೀರಿ" ಎಂದರು. ನಾನು ಅಳುತ್ತಿದ್ದೆ, ಅದಕ್ಕೆ ನಗು ಬಂದು ಎರಡೂ ಕೆಟ್ಟವು. ಸಾಗರದ ತುದಿಗಳನ್ನೂ ಒರೆಸಿ, ಲೈನು ಎದ್ದಾಗ ಸಂಜೆ ಐದೂಮುಕ್ಕಾಲು.

ಮರುದಿನ ಬೆಳಿಗ್ಗೆ ವರದಿ ತಂದರು. ಎಂದಿನಂತೆ ಇಂಗ್ಲಿಷು ನೋಡಲು. ಓದಿದೆ. ಕೇಬಲ್ ತುಂಡಾದದ್ದು, ಫಿಲ್ಟರ್ ಹಾಕಿದ್ದು, ತುದಿಗಳಲ್ಲಿ ಕೊಳೆ ಇದ್ದದ್ದು. ಕಾರಣವೆಂಬಲ್ಲಿ, ಜೋಡಿಸುವ ಮೊದಲು ತುದಿ ಪರೀಕ್ಷೆ ಮಾಡಿಲ್ಲ ಎಂದಿತ್ತು. ಹೊಣೆ ಎಂಬಲ್ಲಿ ಅವರ ಹೆಸರು. ಹೊಸ ತುದಿಯಾದರೂ ನೋಡದೆ ಜೋಡಿಸದವರು ಅವರು. ನಮ್ಮ ಮನೆಯಿಂದ ಬಂದದ್ದೆಂಬ ಒಂದೇ ಕಾರಣಕ್ಕೆ ನೋಡಿರಲಿಲ್ಲ. ನನ್ನ ಸುದ್ದಿ ಎಲ್ಲೂ ಇರಲಿಲ್ಲ.

"ಮೇಡಂ, ಇಲ್ಲಿ ನಾನು ಒರೆಸಿದ್ದು ಬರಬೇಕು."

"ಇಂಗ್ಲಿಷ್ ನೋಡಿ ಅಂದೆ ಅಕ್ಕ. ವಿಷಯ ನಂದು."

"ಸುಳ್ಳಾಗುತ್ತಲ್ಲ?"

"ಇದರಲ್ಲಿ ಸುಳ್ಳು ಯಾವ್ದು ತೋರ್ಸಿ."

ತೋರಿಸಲಾಗಲಿಲ್ಲ. ಕಳಿಸಿದರು. ನಾಲ್ಕು ದಿನಕ್ಕೆ ಸಾಹೇಬರಿಂದ ಒಂದು ಮೆಮೊ ಬಂತು, ಮುಂದೆ ಎಚ್ಚರದಿಂದಿರಿ ಎಂದು. ಜೆಸಿಬಿ ತಂದ ಆಪತ್ತಾದ್ದರಿಂದ ಈ ಸಲ ಬಿಟ್ಟಿದ್ದೇವೆ ಎಂದೂ ಇತ್ತಂತೆ. ಅವತ್ತು ಅವರು ಎರಡು ಲೋಟ ಕಾಫಿ ಕುಡಿದರು.

ಅಷ್ಟಕ್ಕೆ ಸುಮ್ಮನಿರಬೇಕಿತ್ತು ನಾನು. ಆಗಲಿಲ್ಲ. ನನ್ನ ತಪ್ಪಿಗೆ ಅವರ ಹೆಸರಿನ ಮೇಲೆ ಒಂದು ಮೆಮೊ ಕೂತಿದೆ ಎಂಬುದು ಹಲ್ಲಿನ ಸಂದಿಯ ನಾರಿನಂತೆ ಕಾಡಿತು. ದೇವರ ಮುಂದೆ ಕೂತರೂ ಅದೇ, ಹಿಟ್ಟು ನಾದುವಾಗಲೂ ಅದೇ. ಕೊನೆಗೆ ಒಂದು ಮಧ್ಯಾಹ್ನ ಸಾಹೇಬರಿಗೆ ಪತ್ರ ಬರೆದೆ. ಒಂದು ಪುಟ, ಶುದ್ಧ ಇಂಗ್ಲಿಷು, ದುಂಡು ಅಕ್ಷರ. ಪೆಟ್ಟಿಗೆ ನಮ್ಮ ಕಪಾಟಿನಲ್ಲಿತ್ತು, ಅವರ ಅರಿವಿಲ್ಲದೆ ನಾನು ಮುಟ್ಟಿದೆ, ಶಿಕ್ಷೆ ಅವರಿಗೆ ಸಲ್ಲದು. ನಮ್ಮವರಿಗೂ ಹೇಳದೆ ಪೋಸ್ಟ್ ಮಾಡಿ ಬಂದೆ. ಆ ದಿನ ಚೆನ್ನಾಗಿ ನಿದ್ದೆ ಬಂತು.

ವಾರದ ಮೇಲೆ ಸಾಹೇಬರು ಕಾರಿನಲ್ಲಿ ಬಂದರು. ಸಭ್ಯರು, ಚಪ್ಪಲಿ ಹೊರಗೆ ಬಿಟ್ಟರು. ನಾನು ಸಂಭ್ರಮದಿಂದ ಹಪ್ಪಳ ಕರಿದು ಕಾಫಿ ಕೊಟ್ಟೆ. ಅವರು ತಿಂದು, "ತುಂಬ ಚೆನ್ನಾಗಿದೆ ಅಮ್ಮ" ಎಂದು, "ಆ ಕಪಾಟು ಒಮ್ಮೆ ನೋಡಬಹುದಾ?" ಎಂದು ಕೇಳಿದರು. ಬಾಗಿಲು ತೆಗೆದು ನಾನೇ ತೋರಿಸಿದೆ. ಇಲ್ಲಿ ಹಲಸಿನದು, ಇಲ್ಲಿ ಅವಲಕ್ಕಿಯದು, ನಡುವೆ ಪೆಟ್ಟಿಗೆ ಇತ್ತು, ಒಂದು ಚೂರೂ ತೇವವಿಲ್ಲ ನೋಡಿ. ಅವರು ಫೋನ್ ತೆಗೆದು ಡಬ್ಬಿಗಳ ಫೋಟೊ ತೆಗೆದುಕೊಂಡರು. ಮೇಡಂ ಮೆಟ್ಟಿಲ ಮೇಲೆ ನಿಂತಿದ್ದರು. ಕೆಳಗೆ ಬರಲಿಲ್ಲ. ಆಗಲೂ ನನಗೆ ತಿಳಿಯಲಿಲ್ಲ. ತಿಳಿದದ್ದು ಹದಿನೈದು ದಿನದ ಮೇಲೆ, ಮೇಡಂಗೆ ಆರ್ಡರು ಬಂದಾಗ. ಕಂಪನಿಯ ಬೆಲೆಬಾಳುವ ಸಾಮಾನನ್ನು ರೂಲು ಮೀರಿ ಹೊರಗಿನವರ ಮನೆಯಲ್ಲಿಟ್ಟದ್ದು, ವರದಿಯಲ್ಲಿ ಅದನ್ನು ಹೇಳದಿದ್ದದ್ದು. ಮೂರು ತಾಲೂಕಿನ ದಾರಿ ಶಿವಮೊಗ್ಗದವರ ಕೈಗೆ. ಮೇಡಂ ತೀರ್ಥಹಳ್ಳಿಗೆ, ಮನೆ ಕನೆಕ್ಷನ್ನಿಗೆ.

ಸಾಮಾನು ಕಟ್ಟುವ ದಿನ ಅವರು ಕೆಳಗೆ ಬಂದು ಕಟ್ಟೆಯ ಮೇಲೆ ಒಂದು ಹಾಳೆ ಇಟ್ಟರು. ನನ್ನ ಪತ್ರದ ಪ್ರತಿ. ಸಾಹೇಬರು ಅದನ್ನು ಆರ್ಡರಿನ ಜೊತೆ ಕಳಿಸಿದ್ದರು.

"ಓದಿದೆ ಅಕ್ಕ. ಇಂಗ್ಲಿಷಲ್ಲಿ ಒಂದೂ ತಪ್ಪಿಲ್ಲ."

ನಾನು ಏನೋ ಹೇಳಹೊರಟೆ. ಅವರು ಕೈ ಅಡ್ಡ ಹಿಡಿದರು. "ಈಗ ಕ್ಷಮೆ ಕೇಳ್ಬೇಡಿ. ಕೇಳಿದ್ರೆ ನಾನು ಇಲ್ಲಿ ನಿಂತು ಪರವಾಗಿಲ್ಲ ಅನ್ಬೇಕಾಗತ್ತೆ. ಪರವಾಗಿದೆ." ನಮ್ಮವರು ಲಾರಿಗೆ ಕುರ್ಚಿ ಎತ್ತಿಕೊಡುತ್ತಿದ್ದರು. ಇವತ್ತು ಎಷ್ಟು ಎಂದು ಯಾರೂ ಕೇಳಲಿಲ್ಲ.

ಏಳು ತಿಂಗಳು ಫೋನಿಲ್ಲ, ಮೆಸೇಜಿಲ್ಲ. ನಾನೂ ಮಾಡಲಿಲ್ಲ, ಧೈರ್ಯವಾಗಲಿಲ್ಲ. ಊರಲ್ಲಿ ನೆಟ್ಟು ಹೋದಾಗಲೆಲ್ಲ ಶಿವಮೊಗ್ಗದವರು ಬರುವವರೆಗೆ ಎಲ್ಲರೂ ಗೊಣಗುವರು. ನಾನು ಒಳಗೆ ಹೋಗಿ ಏನಾದರೂ ತೊಳೆಯಲು ಶುರು ಮಾಡುವೆ.

ಎಂಟನೆಯ ತಿಂಗಳು ಒಂದು ಮಧ್ಯಾಹ್ನ ವಾಟ್ಸಾಪಿನಲ್ಲಿ ಒಂದು ವರದಿ ಬಂತು. ಕೆಳಗೆ ಮೂರೇ ಶಬ್ದ: "ಇಂಗ್ಲಿಷ್ ನೋಡಿ ಅಕ್ಕ." ಚೆನ್ನಾಗಿದ್ದೀರಾ ಎಂದೂ ಇಲ್ಲ. ನಿಂತಲ್ಲೇ ಓದಿದೆ. ಅರಳಸುರಳಿಯ ಒಂದು ಮನೆಯಲ್ಲಿ ಕನೆಕ್ಷನ್ ಹೋಗಿತ್ತು. ಕಾರಣ: ಇಲಿ ಕಡಿದಿದೆ. ಇಲಿಯಾದರೆ ಕಂಪನಿಯೇ ಹೊಸ ಎಳೆ ಹಾಕಿಕೊಡುತ್ತದೆ, ಮನೆಯವರನ್ನು ಯಾರೂ ಕೇಳುವುದಿಲ್ಲ.

ಜೊತೆಗೊಂದು ಫೋಟೊ ಇತ್ತು, ಕಂಪನಿಗಲ್ಲ, ನನಗೆ. ಗೋಡೆಯ ಮೇಲೆ ಇಳಿಬಿದ್ದ ಉದ್ದದ ಎಳೆಯನ್ನು ಯಾರೋ ಹೆಂಗಸು ನಾಲ್ಕು ಮಡಿಕೆ ಮಾಡಿ, ಸೀರೆ ಮಡಚಿದಷ್ಟು ನೀಟಾಗಿ, ನಡುವಿಗೆ ಕೆಂಪು ರಿಬ್ಬನ್ ಬಿಗಿದು ಗೂಟಕ್ಕೆ ಸಿಕ್ಕಿಸಿದ್ದಳು. ಮಡಿಕೆಯ ಮೂಲೆಯಲ್ಲಿ ಗಾಜು ಮುರಿದದ್ದು ನನಗೂ ಗೊತ್ತಾಗುತ್ತಿತ್ತು. ಇಲಿಗೆ ಅಷ್ಟು ಚಂದ ರಿಬ್ಬನ್ ಕಟ್ಟಲು ಬರುವುದಿಲ್ಲ.

ಫೋನ್ ಹಿಡಿದು ಅಡಿಗೆಮನೆಯಿಂದ ಜಗಲಿಗೆ, ಜಗಲಿಯಿಂದ ಹಿತ್ತಿಲಿಗೆ ಓಡಾಡಿದೆ. ಎರಡು ಕಡೆ ಇಂಗ್ಲಿಷು ತಪ್ಪಿತ್ತು, ಸರಿ ಮಾಡಿದೆ. ಇಲಿಯನ್ನು ಇದ್ದ ಹಾಗೆಯೇ ಬಿಟ್ಟು ವಾಪಸ್ ಕಳಿಸಿದೆ.